ಆಂತ್ರೊಪಾಲಜಿನಾ, ಸೋಷಿಯಾಲಜಿನಾ, ಎರಡೂ ಸೇರಿಸಿನಾ? ಡಿಗ್ರಿ ಆರಿಸ್ಕೊಳ್ಳೋ ಮುಂಚೆ

ಅಕ್ಕನ ಮಗಳದ್ದು ಸೆಕೆಂಡ್ ಪಿಯುಸಿ ರಿಸಲ್ಟ್ ಬಂತು. ಅವತ್ತು ರಾತ್ರಿನೇ ಫೋನ್ ಮಾಡಿ "ಮಾವ, ಆಂತ್ರೊಪಾಲಜಿ ಸೋಷಿಯಾಲಜಿ ಎರಡೂ ಸೇರಿಸಿ ಒಂದೇ ಡಿಗ್ರಿ ಇದ್ಯಂತೆ, ಅದು ಮಾಡ್ಲಾ ಇಲ್ಲ ಒಂದೇ ಒಂದು ತಗೊಳ್ಲಾ" ಅಂತ ಕೇಳಿದ್ಲು, ಹಿಂದಿನಿಂದ ಅಕ್ಕ "ಬಿಕಾಂ ಸೇರ್ಕೊ ಅಂತ ಹೇಳೋ ಅವ್ಳಿಗೆ" ಅಂತ ಕೂಗ್ತಾ ಇದ್ಲು. ನಾನು ಬಿಎನಲ್ಲಿ ಸೋಷಿಯಾಲಜಿ ಓದಿ ಎಂಎಗೆ ಆಂತ್ರೊಪಾಲಜಿ ಕಡೆ ಹಾರಿದವನು, ಈಗ ಬೆಂಗ್ಳೂರಲ್ಲಿ ಜನ ಆ್ಯಪ್‌ಗಳನ್ನ ಹೆಂಗೆ ಬಳಸ್ತಾರೆ ಅಂತ ನೋಡೋ ರಿಸರ್ಚ್ ಕೆಲ್ಸ ಮಾಡ್ಕೊಂಡಿದೀನಿ. ಹಂಗಾಗಿ ನಮ್ಮ ಮನೇಲಿ ಈ ಎರಡು ಪದಗಳನ್ನ ತಪ್ಪಿಲ್ದೆ ಹೇಳೋನು ನಾನೊಬ್ನೇ, ಆಂತ್ರೊಪಾಲಜಿ ಅಂದ್ರೆ ಮಾನವಶಾಸ್ತ್ರ, ಸೋಷಿಯಾಲಜಿ ಅಂದ್ರೆ ಸಮಾಜಶಾಸ್ತ್ರ. ಅವ್ಳಿಗೆ ಹೇಳಿದ್ದನ್ನೇ ಸ್ವಲ್ಪ ಬಿಡಿಸಿ ಇಲ್ಲಿ ಬರೀತಿದೀನಿ, ಅವತ್ತು ಅಕ್ಕನ ಕಿರಿಕಿರಿಲಿ ಅರ್ಧ ಬಿಟ್ಟೋಗಿತ್ತು.

ಎರಡಕ್ಕೂ ವ್ಯತ್ಯಾಸ ಏನು ಅಂತ ಕೇಳಿದ್ರೆ ಎಲ್ರೂ ಹೇಳೋ ರೆಡಿಮೇಡ್ ಉತ್ತರ ಒಂದಿದೆ, ಆಂತ್ರೊಪಾಲಜಿ ಅಂದ್ರೆ ಬುಡಕಟ್ಟು, ಸೋಷಿಯಾಲಜಿ ಅಂದ್ರೆ ಸಿಟಿ. ಇದನ್ನ ನಂಬ್ಕೊಂಡು ಡಿಗ್ರಿ ಆರಿಸ್ಬೇಡಿ. ಒಂದು ಕಾಲದಲ್ಲಿ ಯುರೋಪಿನವರಿಗೆ ಅದು ನಿಜಾನೇ ಆಗಿತ್ತು, ತಮ್ಮ ಫ್ಯಾಕ್ಟರಿ, ತಮ್ಮ ಸಿಟಿ, ತಮ್ಮ ಜನ ಸೂಸೈಡ್ ಮಾಡ್ಕೊಳ್ಳೋ ಲೆಕ್ಕ ಇದೆಲ್ಲ ಸೋಷಿಯಾಲಜಿಗೆ, ತಾವು ಆಳ್ತಿದ್ದ ದೇಶಗಳ ಜನ ಆಂತ್ರೊಪಾಲಜಿಗೆ ಅಂತ ಹಂಚ್ಕೊಂಡಿದ್ರು. ಫ್ರಾನ್ಸಿನ ಸೋಷಿಯಾಲಜಿಸ್ಟ್ ಡರ್ಖೈಮ್ 1897ರಲ್ಲಿ ಆತ್ಮಹತ್ಯೆ ಬಗ್ಗೆ ಬರೆದಿದ್ದು ಸರ್ಕಾರಿ ಅಂಕಿಅಂಶ ಇಟ್ಕೊಂಡು, ಆಂತ್ರೊಪಾಲಜಿಸ್ಟ್ ಮಲಿನೋವ್‌ಸ್ಕಿ ಮೊದಲನೇ ಮಹಾಯುದ್ಧದ ಟೈಮಲ್ಲಿ ಪೆಸಿಫಿಕ್ ಕಡೆಯ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ಟೆಂಟ್ ಹಾಕ್ಕೊಂಡು ಅಲ್ಲಿಯವರ ಭಾಷೆ ಕಲಿತು ಬರೆದ. ಆದ್ರೆ ನಮಗೆ ಈ ಗೆರೆ ಎಲ್ಲಿ ಎಳೀಬೇಕು ಹೇಳಿ? ನಮ್ಮೂರಿಂದ ಬಸ್ ಹತ್ತಿದ್ರೆ ಎರಡು ಗಂಟೆಲಿ ಇನ್ಫೋಸಿಸ್ ಕ್ಯಾಂಪಸ್ಸೂ ಸಿಗುತ್ತೆ ಕಾಡಂಚಿನ ಬುಡಕಟ್ಟಿನೋರ ಹಾಡಿನೂ ಸಿಗುತ್ತೆ, ಹಾಡಿಯ ಹುಡುಗನ ಕೈಲಿ ರೀಲ್ಸ್ ಇದೆ, ಕ್ಯಾಂಪಸ್ ಹುಡುಗನ ಕೈಲಿ ಮನೆದೇವ್ರ ದಾರ ಇದೆ.

ವ್ಯತ್ಯಾಸ ಇರೋದು ಕೆಲ್ಸ ಮಾಡೋ ರೀತಿಲಿ. ಅದಕ್ಕೆ ನನ್ನ ಮನೆಯದ್ದೇ ಒಂದು ಉದಾಹರಣೆ ಕೊಡ್ತೀನಿ.

ಅಕ್ಕನ ಮಗಳು ನನ್ನನ್ನ ಮಾವ ಅಂತಾಳೆ. ನಾಳೆ ಮದ್ವೆಯಾದ್ರೆ ಗಂಡನ ಅಪ್ಪನ್ನೂ ಮಾವ ಅಂತಾಳೆ. ಅಪ್ಪನ ತಂಗಿ ಅತ್ತೆ, ಗಂಡನ ಅಮ್ಮನೂ ಅತ್ತೆ. ಇಷ್ಟು ದಿನ ಯಾವತ್ತೂ ವಿಚಿತ್ರ ಅನ್ಸಿರ್ಲಿಲ್ಲ, ಎಂಎ ಮೊದಲನೇ ಸೆಮಿಸ್ಟರ್ ನೆಂಟಸ್ತಿಕೆ ಬಗ್ಗೆ ಹೇಳೋ ಕಿನ್‌ಶಿಪ್ ಕ್ಲಾಸಲ್ಲಿ ಬಿಹಾರದ ಹುಡುಗ ಒಬ್ಬ ಇದನ್ನ ಕೇಳಿ ಪೆನ್ ಕೆಳಗಿಟ್ಟು ನನ್ ಮುಖಾನೇ ನೋಡ್ದ. ನಮ್ಮಜ್ಜಿ ಮದ್ವೆಯಾಗಿದ್ದು ಅವರ ಸೋದರಮಾವನ್ನೇ ಅಂತ ಹೇಳಿದ್ಮೇಲಂತೂ ಆ ವಾರ ಪೂರ್ತಿ ಕ್ಯಾಂಟೀನಲ್ಲಿ ನನ್ನದೇ ಸುದ್ದಿ. ಈ ಒಂದೇ ಪದ್ಧತಿನ ಮೂರು ಜನ ಮೂರು ತರ ನೋಡ್ತಾರೆ.

ಸೋಶಿಯಲ್ ಆಂತ್ರೊಪಾಲಜಿಯವನು ಬಂದು ಮೊದ್ಲು ಜಗಲಿ ಮೇಲೆ ಕೂರ್ತಾನೆ. ತ್ರಿಕೋನ ಅಂದ್ರೆ ಗಂಡಸು, ಸೊನ್ನೆ ಅಂದ್ರೆ ಹೆಂಗಸು, ಮಧ್ಯೆ ಎರಡು ಗೀಟು ಅಂದ್ರೆ ಮದ್ವೆ, ಹಿಂಗೆ ವಂಶಾವಳಿ ಬರೀತಾ ಹೋಗ್ತಾನೆ. ಯಾರು ಯಾರನ್ನ ಏನಂತ ಕರೀತಾರೆ, ಯಾಕೆ ಅಪ್ಪನ ಅಣ್ಣನ ಮಕ್ಕಳು ಅಣ್ತಮ್ಮಂದ್ರು ಆದ್ರೆ ಅಪ್ಪನ ತಂಗಿ ಮಕ್ಕಳು ಮಾತ್ರ ಕೊಟ್ಟು ತರೋ ನೆಂಟ್ರು, ಮದ್ವೆ ಚಪ್ಪರದಲ್ಲಿ ಸೋದರಮಾವನಿಗೇ ಯಾಕೆ ಆ ಜಾಗ, ಜಮೀನು ಯಾವ್ಕಡೆ ಹೋಯ್ತು. ಆಂತ್ರೊಪಾಲಜಿಸ್ಟ್ ಇರಾವತಿ ಕರ್ವೆ ಪುಣೆಲಿ ಕೂತು ಇಡೀ ದೇಶದ ಸಂಬಂಧಗಳ ನಕ್ಷೆ ಹಾಕಿದ್ದು ಹಿಂಗೇ, ಉತ್ತರದವರದ್ದೇ ಒಂದು ಕಟ್ಟು, ನಮ್ಮ ದಕ್ಷಿಣದವರದ್ದೇ ಒಂದು ಕಟ್ಟು ಅಂತ 1953ರಲ್ಲೇ ತೋರಿಸಿದ್ರು.

ಸೋಷಿಯಾಲಜಿಯವಳು ಬಂದ್ರೆ ಒಂದು ಮನೇಲಿ ನಿಲ್ಲಲ್ಲ. ಮುನ್ನೂರು ಮನೆ ಬೇಕು ಅವಳಿಗೆ. ಯಾವ ಜಾತಿಲಿ ಇಂಥ ಮದ್ವೆ ಎಷ್ಟು, ಹುಡುಗಿ ಓದಿದ್ರೆ ಕಮ್ಮಿ ಆಗುತ್ತಾ, ಎರಡೆಕರೆ ಇದ್ದೋರಲ್ಲಿ ಜಾಸ್ತಿನಾ ಇಪ್ಪತ್ತೆಕರೆ ಇದ್ದೋರಲ್ಲಾ, ಅಜ್ಜಿ ಕಾಲಕ್ಕೂ ಮೊಮ್ಮಗಳ ಕಾಲಕ್ಕೂ ಏನಾಯ್ತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಲಿ ಗಂಡ ಮೊದಲೇ ಸಂಬಂಧಿಕನಾ ಅಂತ ಒಂದು ಪ್ರಶ್ನೆ ಇರುತ್ತೆ, ಅದರ ಡೇಟಾ ತೆಗೆದು ಜಿಲ್ಲೆ ಜಿಲ್ಲೆ ಹೋಲಿಸ್ತಾಳೆ. ಜೊತೆಗೆ ಕಾನೂನು ಏನ್ ಹೇಳುತ್ತೆ ಅಂತಾನೂ ನೋಡ್ತಾಳೆ, 1955ರ ಹಿಂದೂ ವಿವಾಹ ಕಾಯ್ದೆ ಪ್ರಕಾರ ಸೋದರಮಾವ ಅಕ್ಕನ ಮಗಳ ಮದ್ವೆ ನಿಷಿದ್ಧ ಸಂಬಂಧದ ಲಿಸ್ಟಲ್ಲಿದೆ, ಆದ್ರೆ ರೂಢಿ ಇದ್ರೆ ನಡೆಯುತ್ತೆ ಅಂತ ಅದೇ ಕಾಯ್ದೆಲಿ ಬಾಗಿಲೂ ತೆಗೆದಿದಾರೆ.

ಮೂರನೆಯವರು ಫಿಸಿಕಲ್ ಆಂತ್ರೊಪಾಲಜಿಯವರು, ಇವ್ರನ್ನ ಎಲ್ರೂ ಮರೀತಾರೆ. ಇವ್ರಿಗೆ ಬೇಕಾಗಿರೋದು ಜೀನ್ಸ್. ಸೋದರಮಾವನ ಮದ್ವೆಲಿ ಹುಟ್ಟಿದ ಮಗುಗೆ ಇನ್‌ಬ್ರೀಡಿಂಗ್ ಕೋಎಫಿಶಿಯೆಂಟ್ (ಒಂದು ಜೀನಿನ ಎರಡು ಪ್ರತಿನೂ ಒಂದೇ ಪೂರ್ವಜರಿಂದ ಬಂದಿರೋ ಸಾಧ್ಯತೆ) 1/8, ಅತ್ತೆ ಮಗ ಮಾವನ ಮಗಳ ಮದ್ವೆಲಾದ್ರೆ 1/16, ಇಲ್ಲಿಂದ ಶುರು ಮಾಡಿ ರಕ್ತದ ಗುಂಪು, ಹಿಮೋಗ್ಲೋಬಿನ್ ಕಾಯಿಲೆ ಅಂತ ಹೋಗ್ತಾರೆ.

ಈಗ ಮೂರರಲ್ಲಿ ಯಾವ್ದು ಓದ್ವಾಗ ನಿಮ್ಗೆ ಮುಂದೆ ಏನಾಯ್ತು ಅನ್ನಿಸ್ತೋ ಅದನ್ನ ಒಂದ್ಕಡೆ ಬರ್ದಿಟ್ಕೊಳ್ಳಿ. ಯಾಕಂದ್ರೆ ಎರಡೂ ಸೇರಿಸಿರೋ ಡಿಗ್ರಿಲಿ ಸಾಮಾನ್ಯವಾಗಿ ಮೊದಲನೆಯವನು ಎರಡನೆಯವಳು ಮಾತ್ರ ಇರ್ತಾರೆ, ಮೂರನೆಯವರನ್ನ ಹೊರಗೆ ಬಿಟ್ಟಿರ್ತಾರೆ. ಇದನ್ನ ಯಾವ ಪ್ರಾಸ್ಪೆಕ್ಟಸ್ಸಲ್ಲೂ ದಪ್ಪಕ್ಷರದಲ್ಲಿ ಹಾಕಲ್ಲ. ಮಾನವನ ವಿಕಾಸ, ಮೂಳೆ, ತಲೆಬುರುಡೆ, ಫೊರೆನ್ಸಿಕ್ ಇದರ ಹುಚ್ಚಿಂದ ಆಂತ್ರೊಪಾಲಜಿ ಅಂತ ಬಂದೋರು ಜಂಟಿ ಡಿಗ್ರಿ ಸೇರಿದ್ರೆ ಮೂರು ವರ್ಷ ಮಾರ್ಕ್ಸು ವೇಬರ್ರು ಓದ್ಕೊಂಡು ಕೂರ್ಬೇಕಾಗುತ್ತೆ, ಒಂದು ಬುರುಡೆನೂ ಕೈಗೆ ಸಿಗಲ್ಲ. ಅಂಥವರಿಗೆ ಬೇಕಾಗಿರೋದು ದೆಹಲಿ ವಿಶ್ವವಿದ್ಯಾಲಯದಲ್ಲಿ ಇರೋ ತರದ ಬಿಎಸ್ಸಿ ಆನರ್ಸ್ ಆಂತ್ರೊಪಾಲಜಿ, ಅದಕ್ಕೆ ಪಿಯುಸಿಲಿ ಸೈನ್ಸ್ ಓದಿರ್ಬೇಕು.

ನಂಗೆ ಎಂಎಲಿ ಪ್ರಾಕ್ಟಿಕಲ್ ಇತ್ತು, ಪಕ್ಕದಲ್ಲಿ ಕೂತಿದ್ದೋನ ತಲೇನ ಕ್ಯಾಲಿಪರ್ ಇಟ್ಟು ಅಳೆಯೋದು. ತಲೆಯ ಅಗಲನ ಉದ್ದದಿಂದ ಭಾಗಿಸಿ ನೂರರಿಂದ ಗುಣಿಸಿದ್ರೆ ಒಂದು ನಂಬರ್ ಬರುತ್ತೆ, 75ಕ್ಕಿಂತ ಕಮ್ಮಿ ಇದ್ರೆ ಉದ್ದತಲೆ, 80 ದಾಟಿದ್ರೆ ಗುಂಡುತಲೆ. ಅದೇ ಬಿಹಾರದ ಹುಡುಗನ ತಲೆ ನಾನು ಮೂರು ಸಲ ಅಳೆದೆ ಮೂರು ಬೇರೆ ಉತ್ತರ ಬಂತು, ಕ್ಯಾಲಿಪರ್ ಗಟ್ಟಿ ಒತ್ತಿದ್ರೆ ಒಂದು ಮೆಲ್ಲಗೆ ಹಿಡಿದ್ರೆ ಒಂದು. ಹಿಂಗೆ ಅಳೆದೇ ರಿಸ್ಲಿ ಅನ್ನೋ ಬ್ರಿಟಿಷ್ ಅಧಿಕಾರಿ, 1901ರ ಜನಗಣತಿಯ ಕಮಿಷನರ್ ಅವನೇ, ಮೂಗು ಅಗಲ ಇದ್ದಷ್ಟೂ ಜಾತಿ ಕೆಳಗೆ ಅಂತ ಸಿದ್ಧಾಂತ ಮಾಡಿದ್ದ. ಆಮೇಲೆ ಅದನ್ನ ಕಿತ್ತುಹಾಕಿದ್ರು ಬಿಡಿ, ಆದ್ರೆ ಈ ಸಬ್ಜೆಕ್ಟಿನ ಹಳೇ ಕೊಳೆ ಏನು ಅಂತ ನನಗೆ ಗೊತ್ತಾಗಿದ್ದು ಓದಿದಾಗ ಅಲ್ಲ, ಕೈಯಲ್ಲಿ ಕ್ಯಾಲಿಪರ್ ಹಿಡಿದು ಮಿಲಿಮೀಟರ್ ತಪ್ಪಿದಾಗ.

ಕ್ಲಾಸಿಗಿಂತ ಫೀಲ್ಡಲ್ಲಿ ಗೊತ್ತಾಗುತ್ತೆ

ಬಿಎ ಫೈನಲ್ ಇಯರಲ್ಲಿ ನಮ್ಮ ಕಾಲೇಜಿಂದ ಒಂದು ಸರ್ವೆಗೆ ಕಳ್ಸಿದ್ರು, ಕಾಲೇಜ್ ಹೆಸರು ಬೇಡ. ನಲ್ವತ್ತು ಚಿಲ್ಲರೆ ಪ್ರಶ್ನೆ ಇರೋ ಫಾರಂ, ತಲಾ ಇಪ್ಪತ್ತು ಮನೆ, ಒಂದೇ ದಿನದಲ್ಲಿ ಮುಗಿಸ್ಬೇಕು. ಆರನೇ ಪ್ರಶ್ನೆ ಮಾಸಿಕ ಆದಾಯ. ಆಟೋ ಓಡಿಸೋ ಒಬ್ರು "ಯಾವ ತಿಂಗ್ಳಿಂದು ಬರ್ಕೊಳ್ತೀರ?" ಅಂದ್ರು. ದಸರಾ ತಿಂಗ್ಳೊಂದು ಲೆಕ್ಕ, ಗಾಡಿ ರಿಪೇರಿಗೆ ನಿಂತ ತಿಂಗ್ಳೊಂದು ಲೆಕ್ಕ, ಸಾಲದ ಕಂತು ಕಳೆದು ಬರೀಬೇಕಾ ಕಳೀದೆನಾ, ಹೆಂಡ್ತಿ ಎರಡು ಮನೆ ಕೆಲ್ಸ ಮಾಡಿದ್ದು ಸೇರುತ್ತಾ. ನನ್ ಫಾರಮಲ್ಲಿ ಇದ್ದಿದ್ದು ಒಂದೇ ಚೌಕ. ಹನ್ನೆರಡು ಸಾವ್ರ ಅಂತ ಬರ್ದು ಮುಂದಿನ ಮನೆಗೆ ಹೋದೆ, ಪಕ್ಕದ ಬೀದಿಲಿ ನಮ್ ಕ್ಲಾಸಿನೋರು ಇಬ್ರು ಮರದ ಕೆಳಗೆ ಕೂತು ಉಳಿದ ಮನೆಗಳನ್ನ ತಾವೇ ತುಂಬ್ತಾ ಇದ್ರು. ಇದು ಸೋಷಿಯಾಲಜಿ ತಪ್ಪಲ್ಲ, ಕೆಟ್ಟದಾಗಿ ಮಾಡಿದ ಸೋಷಿಯಾಲಜಿ. ಒಳ್ಳೇ ಸರ್ವೆ ಮಾಡೋರು ಆ ಒಂದು ಪ್ರಶ್ನೆನೇ ಹತ್ತು ತುಂಡು ಮಾಡಿ ಕೇಳ್ತಾರೆ, ಸ್ಯಾಂಪಲ್ ಹೆಂಗೆ ಆರಿಸ್ಬೇಕು ಅಂತ ತಿಂಗಳುಗಟ್ಟಲೆ ತಲೆ ಕೆಡಿಸ್ಕೊಳ್ತಾರೆ, ಅದೇ ಒಂದು ವಿದ್ಯೆ, ಮತ್ತೆ ರಾಜ್ಯದ ಮಟ್ಟದಲ್ಲಿ ಏನಾದ್ರೂ ಬದಲಾಗ್ಬೇಕು ಅಂದ್ರೆ ಆ ವಿದ್ಯೆಯೇ ಬೇಕು. 1972ರಲ್ಲಿ ನೇಮಿಸಿ 1975ರಲ್ಲಿ ವರದಿ ಕೊಟ್ಟ ಹಿಂದುಳಿದ ವರ್ಗಗಳ ಹಾವನೂರು ಆಯೋಗ ನಮ್ಮ ರಾಜ್ಯದ ಮೀಸಲಾತಿಯ ದಿಕ್ಕನ್ನೇ ತಿರುಗಿಸ್ತು, ಅದು ನಿಂತಿದ್ದು ಮನೆಮನೆ ಲೆಕ್ಕದ ಮೇಲೆ. ಒಂದು ಜಗಲಿ ಮೇಲೆ ಕೂತು ಕತೆ ಕೇಳಿದ್ರೆ ಆ ಕೆಲ್ಸ ಆಗಲ್ಲ.

ಎಂಎಲಿ ಇದಕ್ಕೆ ಉಲ್ಟಾ. ಹೆಗ್ಗಡದೇವನಕೋಟೆ ಕಡೆ ಒಂದು ಜೇನುಕುರುಬರ ಹಾಡಿಗೆ ಮೂರು ವಾರಕ್ಕೆ ಬಿಟ್ರು. ಮೊದಲ ಮೂರು ದಿನ ಯಾರೂ ಏನೂ ಹೇಳ್ಲಿಲ್ಲ, ಅವ್ರು ನಮ್ಮಂಥ ನೋಟ್‌ಬುಕ್ಕಿನೋರನ್ನ ಬೇಕಾದಷ್ಟು ನೋಡಿದಾರೆ. ನಾಲ್ಕನೇ ದಿನ ಒಬ್ರು ಅಜ್ಜಿ ಒಂದು ಮೊರ ಅವರೆಕಾಯಿ ಮುಂದಿಟ್ಟು "ಬರ್ದಿದ್ದು ಸಾಕು, ಬಿಡ್ಸು" ಅಂದ್ರು. ಬಿಡಿಸ್ತಾ ಕೂತೆ. ಅವತ್ತು ಸಂಜೆ ತನಕ ಕೇಳಿದ್ದು ಅಷ್ಟಿಷ್ಟಲ್ಲ, ಕಾಡಿಂದ ಎಬ್ಬಿಸಿದ್ದು, ಮೊದ್ಲಿದ್ದ ಹಾಡಿ ಹೆಸ್ರು, ಅಲ್ಲಿದ್ದ ಗುಡಿ, ಯಾವ ಮರದ ಜೇನು ಯಾರಿಗೆ ಸೇರಿದ್ದು, ಆನೆಗೆ ಯಾವ ಹೆಸ್ರಲ್ಲಿ ಮಾತಾಡಿಸ್ಬೇಕು. ನಂಗೆ ಒಂದಕ್ಷರ ಬರ್ಕೊಳ್ಳೋಕಾಗ್ಲಿಲ್ಲ, ಬೆರಳೆಲ್ಲ ಅವರೆ ಸೊಗಡು. ರಾತ್ರಿ ಟಾರ್ಚ್ ಹಾಕ್ಕೊಂಡು ನೆನಪಿಂದ ಬರ್ದೆ.

ನೆನಪಿಂದ ಬರೆಯೋದು ಅಂದ್ಮೇಲೆ ಎಂ.ಎನ್. ಶ್ರೀನಿವಾಸ್ ಅವರನ್ನ ಹೇಳ್ದೆ ಮುಂದೆ ಹೋಗಕ್ಕಾಗಲ್ಲ, ಅದೂ ಅಲ್ದೆ ಈ ಜಂಟಿ ಡಿಗ್ರಿ ವಿಚಾರಕ್ಕೆ ಅವರಷ್ಟು ಸರಿಯಾದ ಉದಾಹರಣೆ ಬೇರೆ ಇಲ್ಲ. ಮೈಸೂರಿನೋರು, 1916ರಲ್ಲಿ ಹುಟ್ಟಿದ್ದು, ಮಹಾರಾಜ ಕಾಲೇಜಲ್ಲಿ ಓದಿದ್ದು. ಆಮೇಲೆ ಬಾಂಬೆಲಿ ಘುರ್ಯೆ ಅವರ ಹತ್ರ ಸೋಷಿಯಾಲಜಿ, ಅಲ್ಲಿಂದ ಆಕ್ಸ್‌ಫರ್ಡಿಗೆ ಹೋಗಿ ರ‍್ಯಾಡ್‌ಕ್ಲಿಫ್ ಬ್ರೌನ್, ಇವಾನ್ಸ್ ಪ್ರಿಚರ್ಡ್ ಹತ್ರ ಸೋಶಿಯಲ್ ಆಂತ್ರೊಪಾಲಜಿ. 1948ರಲ್ಲಿ ಮೈಸೂರು ಹತ್ರದ ಒಂದು ಹಳ್ಳಿಲಿ ಹೋಗಿ ಉಳ್ಕೊಂಡ್ರು, ರಾಂಪುರ ಅಂತ ಬರೆದಿದಾರಲ್ಲ ಅದು. ಕೆಲ್ಸ ಅಪ್ಪಟ ಆಂತ್ರೊಪಾಲಜಿದು, ಆದ್ರೆ ಬರೋಡಾದಲ್ಲಿ, ಆಮೇಲೆ ದೆಹಲಿಲಿ ಅವರು ಕಟ್ಟಿದ್ದು ಸೋಷಿಯಾಲಜಿ ವಿಭಾಗಗಳನ್ನ. ನಮ್ಮ ದೇಶದಲ್ಲಿ ಈ ಎರಡನ್ನ ಬೇರೆ ಮಾಡೋದ್ರಲ್ಲಿ ಅರ್ಥ ಇಲ್ಲ ಅನ್ನೋದು ಅವರ ನಿಲುವು. 1970ರ ಏಪ್ರಿಲಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಲ್ಲಿ ಅವರಿದ್ದ ಸಂಶೋಧನಾ ಕೇಂದ್ರಕ್ಕೆ ಯಾರೋ ಬೆಂಕಿ ಇಟ್ಟು, ಹದಿನೆಂಟು ಇಪ್ಪತ್ತು ವರ್ಷ ತಿದ್ದಿ ತೀಡಿ ಇಟ್ಕೊಂಡಿದ್ದ ನೋಟ್ಸ್ ಸುಟ್ಟೋಯ್ತು, ಆಮೇಲೆ ಹೆಚ್ಚಾಗಿ ನೆನಪಿಂದಾನೇ ಆ ಊರಿನ ಪುಸ್ತಕ ಬರೆದ್ರು, 1976ರಲ್ಲಿ ಬಂತು. ಪ್ರಬಲ ಜಾತಿ, ಸಂಸ್ಕೃತೀಕರಣ (ಕೆಳಗಿನ ಜಾತಿಯವರು ಮೇಲಿನ ಜಾತಿಯವರ ಆಚಾರ ಹಿಡಿಯೋದು), ಟಿವಿಲಿ ದಿನಾ ಕೇಳ್ತೀವಲ್ಲ ವೋಟ್ ಬ್ಯಾಂಕ್, ಈ ಪದಗಳನ್ನೆಲ್ಲ ಚಲಾವಣೆಗೆ ತಂದಿದ್ದು ಅವರೇ. ಈ ಕತೆ ಕೇಳಿದ್ಮೇಲೂ ನೋಟ್ಸ್‌ನ ಒಂದೇ ಪೆನ್‌ಡ್ರೈವಲ್ಲಿ ಇಡೋ ಸ್ಟೂಡೆಂಟ್ಸ್ ಇದಾರೆ, ನಾನೂ ಇದ್ದೆ.

ಎಲ್ಲಿ ಏನು ಸಿಗುತ್ತೆ

ಈಗ ನೆಲಕ್ಕೆ ಬರೋಣ. ಕರ್ನಾಟಕದಲ್ಲಿ ಸೋಷಿಯಾಲಜಿ ಇಲ್ದಿರೋ ಬಿಎ ಕಾಲೇಜ್ ಹುಡುಕೋದು ಕಷ್ಟ, ತಾಲೂಕು ಸರ್ಕಾರಿ ಪದವಿ ಕಾಲೇಜುಗಳಲ್ಲೂ ಇರುತ್ತೆ. ಡಿಗ್ರಿ ಲೆವೆಲಲ್ಲಿ ಆಂತ್ರೊಪಾಲಜಿ ಮಾತ್ರ ಬೆರಳೆಣಿಕೆ. ಅದಕ್ಕೆ ದೊಡ್ಡ ಮನೆಗಳು ಅಂದ್ರೆ ಮೈಸೂರಿನ ಮಾನಸಗಂಗೋತ್ರಿ ಮತ್ತೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, ಎರಡು ಕಡೆನೂ ಸ್ನಾತಕೋತ್ತರ ವಿಭಾಗ ಇದೆ. 2024-25ರಿಂದ ರಾಜ್ಯದಲ್ಲಿ ನಾಲ್ಕು ವರ್ಷದ ಪದ್ಧತಿ ಬಿಟ್ಟು ಮತ್ತೆ ಮೂರು ವರ್ಷದ ಡಿಗ್ರಿ, ಮೂರು ಮೇಜರ್ ಸಬ್ಜೆಕ್ಟ್ ಅಂತ ಆಗಿದೆ. ಅಂದ್ರೆ ನಮ್ಮ ಬಿಎ ಮೊದಲಿಂದನೂ ಒಂದು ತರ ಜಂಟಿ ಡಿಗ್ರಿನೇ, ಹೆಸ್ರು ಮಾತ್ರ ಹಂಗಿಲ್ಲ. ಸೋಷಿಯಾಲಜಿ ಜೊತೆ ಇತಿಹಾಸನೋ ಇಕನಾಮಿಕ್ಸೋ ಸಿಗುತ್ತೆ, ಆಂತ್ರೊಪಾಲಜಿ ಆಮೇಲೆ ಎಂಎಲಿ ಸೇರಿಸ್ಕೊಳ್ಳೋದು. ನಾನು ಮಾಡಿದ್ದು ಇದೇ, ನನ್ ಬ್ಯಾಚಲ್ಲಿ ಅರ್ಧಕ್ಕರ್ಧ ಜನ ಹಂಗೇ ಬಂದೋರು. ಮೊದಲ ಸೆಮಿಸ್ಟರ್ ಜೆನೆಟಿಕ್ಸ್ ಪೇಪರಲ್ಲಿ ಒದ್ದಾಡಿದ್ವಿ, ಆರ್ಟ್ಸಿನೋರಿಗೆ ಅದೊಂದು ಗುಡ್ಡ, ಹತ್ತಿದ್ಮೇಲೆ ಇಳಿಜಾರು.

ಎರಡೂ ಹೆಸರು ಒಂದೇ ಸರ್ಟಿಫಿಕೇಟಲ್ಲಿ ಬೇಕು ಅಂದ್ರೆ ಹೊರಗೆ ಹೋಗ್ಬೇಕು. ಸೋನಿಪತ್‌ನ ಅಶೋಕ ವಿಶ್ವವಿದ್ಯಾಲಯದಲ್ಲಿ ವಿಭಾಗದ ಹೆಸ್ರೇ ಸೋಷಿಯಾಲಜಿ ಮತ್ತು ಆಂತ್ರೊಪಾಲಜಿ, ಪಾಠ ಚೆನ್ನಾಗಿದೆ ಅಂತಾರೆ, ಫೀಸ್ ನೋಡಿ ಅಕ್ಕ ಫೋನ್ ಕಟ್ ಮಾಡಿದ್ಲು, ಸ್ಕಾಲರ್‌ಶಿಪ್ ಇರುತ್ತೆ ಅಂತ ಹೇಳೋ ಅಷ್ಟರಲ್ಲಿ. ಹೈದರಾಬಾದ್ ಸೆಂಟ್ರಲ್ ಯುನಿವರ್ಸಿಟಿಲಿ ಪಿಯುಸಿ ಆದ್ಮೇಲೆ ಸೇರೋ ಐದು ವರ್ಷದ ಇಂಟಿಗ್ರೇಟೆಡ್ ಎಂಎ ಇದೆ, ಒಂದೇ ಸ್ಕೂಲಲ್ಲಿ ಎರಡೂ ವಿಭಾಗ, ಸರ್ಕಾರಿ ಫೀಸು, ನನ್ನ ಕೇಳಿದ್ರೆ ನಮ್ಮ ಕಡೆಯ ಹುಡುಗರು ಯಾಕೆ ಇದಕ್ಕೆ ಜಾಸ್ತಿ ಅರ್ಜಿ ಹಾಕಲ್ಲ ಅಂತಾನೇ ಅರ್ಥ ಆಗಲ್ಲ. ಕೆಲ್ಸ ಮಾಡ್ತಾ ಓದೋರಿಗೆ ಇಗ್ನೋ ಮುಕ್ತ ವಿಶ್ವವಿದ್ಯಾಲಯ ಇದೆ, ಅಲ್ಲಿ ಬಿಎಗೆ ಎರಡೂ ಸಬ್ಜೆಕ್ಟ್ ಇವೆ, ಆದ್ರೆ ಕನ್ನಡದಲ್ಲಿ ಮೆಟೀರಿಯಲ್ ಸಿಗಲ್ಲ, ಮತ್ತೆ ಮನೇಲಿ ಕೂತು ಓದೋದ್ರಿಂದ ಫೀಲ್ಡ್‌ವರ್ಕ್ ನಿಮ್ಮ ಪ್ರಾಮಾಣಿಕತೆ ಮೇಲೆ ನಿಂತಿರುತ್ತೆ, ಮರದ ಕೆಳಗೆ ಕೂತು ಫಾರಂ ತುಂಬೋರಿಗೆ ಸ್ವರ್ಗ.

ವಿದೇಶದ ವಿಚಾರ ಬೇಗ ಮುಗಿಸ್ತೀನಿ. ಅಮೆರಿಕ ಕೆನಡಾದಲ್ಲಿ ಸಣ್ಣ ಕಾಲೇಜುಗಳಲ್ಲಿ ಎರಡಕ್ಕೂ ಸೇರಿ ಒಂದೇ ವಿಭಾಗ ಇರೋದು ಮಾಮೂಲು, ವ್ಯಾಂಕೂವರ್ ಹತ್ರದ ಸೈಮನ್ ಫ್ರೇಸರಲ್ಲೂ ಹಂಗೇ. ಕೇಂಬ್ರಿಡ್ಜಲ್ಲಿ ರಾಜ್ಯಶಾಸ್ತ್ರನೂ ಸೇರಿಸಿ ಮೂರನ್ನ ಒಂದೇ ಡಿಗ್ರಿ ಕೆಳಗೆ ತಂದಿದಾರೆ, ಲಂಡನ್ನಿನ ಎಲ್‌ಎಸ್‌ಇಲಿ ಬೇರೆ ಬೇರೆ. ಅಲ್ಲಿಗೆ ಹೋಗೋ ಶಕ್ತಿ ಇರೋರು ಒಂದು ಮಾತ್ರ ನೋಡ್ಕೊಳ್ಳಿ, ಕೆಲವು ಕಡೆ ಎರಡು ವಿಭಾಗ ಒಂದಾಗಿರೋದು ಸಿದ್ಧಾಂತಕ್ಕಲ್ಲ, ಪ್ರೊಫೆಸರ್‌ಗಳು ಕಮ್ಮಿ ಅಂತ. ಆಂತ್ರೊಪಾಲಜಿ ಅಂತ ಬೋರ್ಡಲ್ಲಿ ಇದ್ದು ಪಾಠ ಮಾಡೋರು ಒಬ್ರೇ ಆಗಿದ್ರೆ ಅದು ಸೋಷಿಯಾಲಜಿ ಡಿಗ್ರಿಗೆ ಇನ್ನೊಂದು ಹೆಸ್ರು ಅಷ್ಟೇ.

ಅದಕ್ಕೆ ಯಾವ ಕೋರ್ಸ್ ಆದ್ರೂ ಸೇರೋ ಮುಂಚೆ ಸಿಲಬಸ್ ತೆಗೆದು ಎರಡು ಪೇಪರ್ ಹುಡುಕಿ. ಸ್ಟ್ಯಾಟಿಸ್ಟಿಕ್ಸ್ ಇರೋ ಮೆಥಡ್ಸ್ ಪೇಪರ್ ಒಂದು, ಕಡ್ಡಾಯ ಫೀಲ್ಡ್‌ವರ್ಕ್ ಒಂದು, ಅದೂ ಒಂದು ದಿನದ ಪಿಕ್ನಿಕ್ ಅಲ್ಲ, ಕಮ್ಮಿ ಅಂದ್ರೂ ಎರಡು ವಾರ. ಎರಡೂ ಇದ್ರೆ ಜಂಟಿ ಡಿಗ್ರಿ ಕಣ್ಮುಚ್ಕೊಂಡು ಸೇರಿ. ಒಂದೇ ಇದ್ರೆ ಅದು ಯಾವ್ದೋ ಅದ್ರ ಡಿಗ್ರಿ. ಎರಡೂ ಇಲ್ಲ ಅಂದ್ರೆ ಮೂರು ವರ್ಷ ಡೆಫಿನಿಷನ್ ಬಾಯಿಪಾಠ, ಅದಕ್ಕಿಂತ ಅಕ್ಕ ಹೇಳಿದ ಬಿಕಾಂ ವಾಸಿ.

ಹೊಟ್ಟೆಪಾಡು

ಇದನ್ನ ಕೇಳೋಕೆ ನಾಚ್ಕೊಳ್ಳೋದು ಬೇಡ. ಮೇಷ್ಟ್ರಾಗೋ ಆಸೆ ಇದ್ರೆ ಸೋಷಿಯಾಲಜಿನೇ ತಗೊಳ್ಳಿ, ಎರಡನೇ ಯೋಚ್ನೆ ಬೇಡ. ನಮ್ಮ ಪಿಯುಸಿಲಿ ಸಮಾಜಶಾಸ್ತ್ರ ಇದೆ ಮಾನವಶಾಸ್ತ್ರ ಇಲ್ಲ, ಸಿಬಿಎಸ್‌ಇ ಹನ್ನೊಂದು ಹನ್ನೆರಡರಲ್ಲೂ ಅಷ್ಟೇ, ಅಂದ್ರೆ ಲೆಕ್ಚರರ್ ಪೋಸ್ಟ್ ಇರೋದೇ ಅದಕ್ಕೆ. ಲೆಕ್ಚರರ್ ಅರ್ಹತೆಗೆ ಬರೆಯೋ ಯುಜಿಸಿ ನೆಟ್‌ಗೆ ಎರಡೂ ಬೇರೆ ಬೇರೆ ಸಬ್ಜೆಕ್ಟು, ಪರೀಕ್ಷೆನೂ ಬೇರೆ. ಇಲ್ಲಿ ಜಂಟಿ ಡಿಗ್ರಿಯವರಿಗೆ ಒಂದು ತಲೆನೋವಿದೆ, ನೇಮಕಾತಿ ನೋಟಿಫಿಕೇಷನಲ್ಲಿ "ಸಂಬಂಧಪಟ್ಟ ವಿಷಯ" ಅಂತ ಒಂದು ಸಾಲು ಇರುತ್ತೆ, ದಾಖಲೆ ಪರಿಶೀಲನೆಲಿ ಕೂತಿರೋ ಗುಮಾಸ್ತರು ನಿಮ್ಮ ಸರ್ಟಿಫಿಕೇಟಲ್ಲಿ ಎರಡು ಹೆಸರು ನೋಡಿ ಹುಬ್ಬೇರಿಸ್ತಾರೆ. ನನ್ ಫ್ರೆಂಡ್ ಒಬ್ಳು ಬಿಎ ಸೋಷಿಯಾಲಜಿ, ಎಂಎ ಆಂತ್ರೊಪಾಲಜಿ ಇಟ್ಕೊಂಡು ಒಂದು ಕಡೆ ಗೆಸ್ಟ್ ಲೆಕ್ಚರರ್‌ಗೆ ಹೋದಾಗ ಎರಡೂ ಸಮಾಜದ ಬಗ್ಗೆನೇ ಅಲ್ವಾ ಅಂತ ವಿವರಿಸೋಕೆ ಹೋಗಿ ಸುಸ್ತಾಗಿ ವಾಪಸ್ ಬಂದ್ಲು, ಆಮೇಲೆ ಇನ್ನೊಂದು ಎಂಎ ಕಟ್ಟಿದ್ಲು. ಟೀಚಿಂಗ್ ಕಡೆ ಹೋಗೋ ಸಾಧ್ಯತೆ ಸ್ವಲ್ಪ ಇದ್ರೂ ಬಿಎಲಿ ಏನಾದ್ರೂ ಮಾಡಿ, ಎಂಎ ಮಾತ್ರ ಒಂದೇ ಹೆಸರಿಂದು ಮಾಡಿ.

ಆಂತ್ರೊಪಾಲಜಿ ಪೋಸ್ಟ್‌ಗಳು ಕಮ್ಮಿ, ಆದ್ರೆ ಸ್ಪರ್ಧೆಗೆ ಬರೋರೂ ಕಮ್ಮಿ. ಭಾರತೀಯ ಮಾನವವಿಜ್ಞಾನ ಸರ್ವೇಕ್ಷಣ ಅಂತ ಕೇಂದ್ರ ಸರ್ಕಾರದ್ದು, 1945ರಲ್ಲಿ ಶುರುವಾಗಿದ್ದು, ಹೆಡ್ ಆಫೀಸ್ ಕೋಲ್ಕತ್ತ, ದಕ್ಷಿಣದ ಪ್ರಾದೇಶಿಕ ಕೇಂದ್ರ ನಮ್ಮ ಮೈಸೂರಲ್ಲೇ ಇದೆ. ರಾಜ್ಯದ ಬುಡಕಟ್ಟು ಸಂಶೋಧನಾ ಸಂಸ್ಥೆನೂ ಮೈಸೂರು, ಭೋಪಾಲಿನ ಇಂದಿರಾ ಗಾಂಧಿ ಮಾನವ ಸಂಗ್ರಹಾಲಯದ ದಕ್ಷಿಣ ಕೇಂದ್ರನೂ ಮೈಸೂರು, ವೆಲ್ಲಿಂಗ್ಟನ್ ಹೌಸಲ್ಲಿ. ಇಷ್ಟೆಲ್ಲ ಒಂದೇ ಊರಲ್ಲಿ ಇಟ್ಕೊಂಡು ಆ ಊರಿನ ಮಕ್ಳಿಗೇ ಆಂತ್ರೊಪಾಲಜಿ ಅಂದ್ರೆ ಏನು ಅಂತ ಗೊತ್ತಿಲ್ಲ, ಮೃಗಾಲಯಕ್ಕೆ ಕರ್ಕೊಂಡ್ ಹೋಗೋ ಸ್ಕೂಲ್ ಬಸ್ಸು ಅಲ್ಲಿಗೂ ಒಂದ್ಸಲ ಹೋಗ್ಬಹುದಿತ್ತು.

ಅರಣ್ಯ ಹಕ್ಕು, ಪುನರ್ವಸತಿ ಇಂಥ ಕೆಲಸಗಳಲ್ಲಿ ಎರಡೂ ಗೊತ್ತಿರೋರಿಗೆ ನಿಜವಾದ ಬೆಲೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶದ ಒಳಗೇ ಸಮುದಾಯ ಅರಣ್ಯ ಹಕ್ಕು ಸಿಕ್ತಲ್ಲ, ಅಂಥ ಅರ್ಜಿಗೆ ಹಳೇ ಪೋಡುಗಳು, ಅಂದ್ರೆ ಅವರ ಹಾಡಿಗಳು, ಎಲ್ಲಿದ್ವು, ದೇವರ ಜಾಗ ಯಾವ್ದು ಅಂತ ಕೇಳಿ ಕೇಳಿ ನಕ್ಷೆ ಮಾಡ್ಬೇಕು, ಜೊತೆಗೆ ಎಷ್ಟು ಕುಟುಂಬ ಎಷ್ಟು ಜಾಗ ಅಂತ ಕಚೇರಿ ಒಪ್ಪೋ ಲೆಕ್ಕನೂ ಕೊಡ್ಬೇಕು. ಒಂದು ಗೊತ್ತಿದ್ದು ಇನ್ನೊಂದು ಗೊತ್ತಿಲ್ದೆ ಇದ್ರೆ ಫೈಲ್ ನಿಲ್ಲುತ್ತೆ.

ಕಂಪನಿಗಳ ಕಡೆ ನಾನಿರೋದ್ರಿಂದ ಹೇಳ್ತೀನಿ, ಇಲ್ಲಿ ಡಿಗ್ರಿ ಹೆಸರನ್ನ ಯಾರೂ ಕೇಳಲ್ಲ. ಇಂಟೆಲ್ ಕಂಪನಿ ಜೆನೆವೀವ್ ಬೆಲ್ ಅನ್ನೋ ಆಂತ್ರೊಪಾಲಜಿಸ್ಟನ್ನ 1998ರಲ್ಲೇ ಕೆಲಸಕ್ಕೆ ತಗೊಂಡಿತ್ತು, ಬೆಂಗ್ಳೂರಿಗೆ ಆ ಗಾಳಿ ತಡವಾಗಿ ಬಂತು. ಇಂಟರ್‌ವ್ಯೂಲಿ ನನ್ನ ಕೇಳಿದ್ದು, ಒಂದು ಕಿರಾಣಿ ಅಂಗಡಿಯವರು ಯುಪಿಐ ಸೌಂಡ್ ಬಾಕ್ಸ್ ಆಫ್ ಮಾಡಿ ಇಟ್ಟಿದಾರೆ, ಯಾಕೆ ಅಂತ ಹೆಂಗೆ ಕಂಡುಹಿಡೀತೀರ. ಅವರೆಕಾಯಿ ಅಜ್ಜಿ ನೆನಪಾಗಿ ಅಂಗಡಿಲಿ ಎರಡು ದಿನ ಗೋಣಿ ಹೊತ್ಕೊಡ್ತೀನಿ ಅಂದೆ, ಆಮೇಲೆ ಎಷ್ಟು ಅಂಗಡಿಲಿ ಹಿಂಗಿದೆ ಅಂತ ನೋಡೋಕೆ ಐದು ಪ್ರಶ್ನೆಯ ಸರ್ವೆ ಮಾಡ್ತೀನಿ ಅಂದೆ. ಕೆಲ್ಸ ಸಿಕ್ತು.

ಯುಪಿಎಸ್‌ಸಿ ಕನಸಿರೋರಿಗೆ ಬೇರೆ ಲೆಕ್ಕ. ಎರಡೂ ಆಪ್ಷನಲ್ ಲಿಸ್ಟಲ್ಲಿವೆ, ಎರಡಕ್ಕೂ 250 ಅಂಕದ ಎರಡೆರಡು ಪೇಪರ್. ಆಂತ್ರೊಪಾಲಜಿ ಸಿಲಬಸ್ ಗೆರೆ ಎಳೆದಂಗೆ ಇದೆ, ಚಿತ್ರ ಬಿಡಿಸಿ ಮಾರ್ಕ್ಸ್ ತಗೋಬಹುದು, ಡಾಕ್ಟರ್ ಇಂಜಿನಿಯರ್‌ಗಳಿಗೆ ಅದಕ್ಕೇ ಇಷ್ಟ. ಸೋಷಿಯಾಲಜಿಲಿ ಸಿದ್ಧಾಂತ ಜಾಸ್ತಿ, ಆದ್ರೆ ಜನರಲ್ ಸ್ಟಡೀಸಿಗೂ ಪ್ರಬಂಧಕ್ಕೂ ಉಪಯೋಗ ಆಗುತ್ತೆ. ಕನ್ನಡದಲ್ಲಿ ಬರಿಯೋರು ಸೋಷಿಯಾಲಜಿ ಕಡೆ ವಾಲೋದು ವಾಸಿ, ಯಾಕಂದ್ರೆ ಸಮಾಜಶಾಸ್ತ್ರಕ್ಕೆ ಕನ್ನಡದಲ್ಲಿ ದಶಕಗಳಿಂದ ಪಠ್ಯ ಇದೆ, ಪದಗಳು ಕೂತಿವೆ. ಮಾನವಶಾಸ್ತ್ರಕ್ಕೆ ಫಿಸಿಕಲ್ ಭಾಗದ ಪದಗಳನ್ನ ನೀವೇ ಕಟ್ಕೊಂಡು ಬರೀಬೇಕು, ಪರೀಕ್ಷೆ ಹಾಲಲ್ಲಿ ಪದ ಸೃಷ್ಟಿ ಮಾಡೋ ಸಾಹಸ ಬೇಡ.

ಅವಳಿಗೆ ನಾನು ಕೊಟ್ಟ ಸಲಹೆ ಇದು. ಅವ್ಳು ಆರ್ಟ್ಸ್ ಓದಿರೋದು, ಬುರುಡೆ ಮೂಳೆ ಆಸೆ ಇಲ್ಲ, ಜನರ ಜೊತೆ ಮಾತಾಡೋಕೆ ಕೂತ್ರೆ ಏಳಲ್ಲ, ಲೆಕ್ಕ ಅಂದ್ರೆ ಸ್ವಲ್ಪ ಭಯ. ಹೈದರಾಬಾದ್‌ಗೆ ಎಂಟ್ರೆನ್ಸ್ ಬರಿ, ಸಿಕ್ರೆ ಅದೇ ಮೊದ್ಲು. ಸಿಗ್ಲಿಲ್ಲ ಅಂದ್ರೆ ಮೈಸೂರಲ್ಲೇ ಸೋಷಿಯಾಲಜಿ ಇಕನಾಮಿಕ್ಸ್ ಇರೋ ಬಿಎ ಸೇರ್ಕೊ, ಇಕನಾಮಿಕ್ಸ್ ನೆಪದಲ್ಲಿ ಸ್ಟ್ಯಾಟಿಸ್ಟಿಕ್ಸ್ ಭಯ ಬಿಡುತ್ತೆ, ಎಂಎ ಹೊತ್ತಿಗೆ ಮಾನಸಗಂಗೋತ್ರಿನೋ ಧಾರವಾಡನೋ ನೋಡೋಣ ಅಂದೆ. ಅಕ್ಕ ಬಿಕಾಂ ಬಿಟ್ಟು ಈಗ ಬಿಬಿಎ ಅಂತಿದಾಳೆ.

ಮತ್ತೆ ಸೇರೋದಕ್ಕೆ ಮುಂಚೆ ಒಂದು ಹೋಂವರ್ಕ್ ಕೊಟ್ಟೆ, ಮನೆಯವರದ್ದೇ ವಂಶಾವಳಿ ಬರಿ, ತ್ರಿಕೋನ ಸೊನ್ನೆ ಹಾಕಿ, ಅಜ್ಜಿ ಹತ್ರ ಕೂತು ಕೇಳಿ. ನಿನ್ನೆ ಕ್ಯಾಲೆಂಡರ್ ಹಿಂದೆ ಬರ್ದು ವಾಟ್ಸಾಪಲ್ಲಿ ಫೋಟೋ ಕಳ್ಸಿದಾಳೆ. ಮೇಲಿನ ಸಾಲಲ್ಲಿ ನಮ್ಮ ತಾತನ ತ್ರಿಕೋನ, ಪಕ್ಕದಲ್ಲಿ ಹೆಂಡ್ತಿ ಅಂತ ಅಜ್ಜಿ ಸೊನ್ನೆ. ಅದೇ ಅಜ್ಜಿನ ಕೆಳಗಿನ ಸಾಲಲ್ಲಿ ತಾತನ ಅಕ್ಕನ ಮಗಳು ಅಂತ ಇನ್ನೊಂದ್ಸಲ ಬರೆದು, ಎರಡು ಸೊನ್ನೆ ಮಧ್ಯೆ ದೊಡ್ಡದಾಗಿ ಪ್ರಶ್ನಾರ್ಥಕ ಚಿಹ್ನೆ ಹಾಕಿದಾಳೆ. ಕೆಳಗೆ ಒಂದು ವಾಯ್ಸ್ ಮೆಸೇಜು, "ಮಾವ, ಮುತ್ತಜ್ಜಿನ ಎಲ್ಲಿ ಕೂರಿಸ್ಲಿ ಅಂತಾನೇ ಗೊತ್ತಾಗ್ತಿಲ್ಲ, ಮದ್ವೆ ಗೀಟು ಓರೆಯಾಗಿ ಎಳೀಬಹುದಾ?"

ಎಳಿ ಅಂದೆ.